ಎರಡು ಬೆರಳು

ಮಾಗನೂರು ದಾರಿಯ ಹಾಳುಬಾವಿ ಮುಂದ ಸರಹೊತ್ತಿನ್ಯಾಗ ಒಬ್ಬರೇ ಹಾದು ಬಂದೀರೇನು? ಬಂದಿದ್ರ ಹಿಂಗ ಹಲ್ಲು ಕಿಸೀತಿದ್ದಿಲ್ಲ. ಸುಮ್ಮನ ಕುಂತು ಕೇಳ್ರಿ. ಇದು ನಮ್ಮ ಸೋದರಮಾವ ಜಂಬಪ್ಪನ ಕಣ್ಣ ಮುಂದ ಆದದ್ದು.

ನಿಜಾಮನ ಮ್ಯಾಲಿನ ಪೋಲೀಸ್ ಆಕ್ಷನ್ ಮುಗಿದು ಮೂರು ತಿಂಗಳಾಗಿತ್ತು. ಮಾವ ನಾರಾಯಣಪೇಟ್ಯಾಗ ಮೋಟಾರ್ ಮಿಸ್ತ್ರಿ. ಮಕ್ತಲ್ ಸಾವಕಾರ ಕರಿಬಸಯ್ಯ ತನ್ನ ಹಳೇ ಕಾರು ತಂದು ಶೆಡ್ಡಿನ್ಯಾಗ ಬಿಟ್ಟ. "ಭಾಳ ಕುಣೀತೈತೋ, ನೋಡು. ಎಂಟು ದಿನ ಬಿಟ್ಟು ಬರ್ತೀನಿ" ಅಂದು ಹೋದ. ಆ ಕಾರಿನ ಡ್ರೈವರ್ ಸಾಯಣ್ಣ ರಜಾಕಾರರ ಗದ್ದಲದಾಗ ಕಾಣೆ ಆಗಿದ್ದ. ಕರ್ನೂಲಿಗೆ ಓಡಿಹೋದ ಅಂತ ಸಾವಕಾರ ಊರತುಂಬ ಹೇಳಿದ್ದ. ಸಾಯಣ್ಣನ ಹೆಂಡ್ತಿ ಮೊಗುಲಮ್ಮ ಮಾತ್ರ ದಿನಾ ಬಂದು ಆ ಕಾರಿನ ಮುಂದ ನಿಲ್ಲತಿದ್ದಳು.

"ಅಣ್ಣಾ, ಅಂವ ನನಗ ಹೇಳದ ಹೋಗಾಂವಲ್ಲ. ಬಳಿ ಇಟ್ಕೊಳ್ಳಲೋ, ಒಡಕೊಳ್ಳಲೋ... ಯಾರಾರ ಖರೇ ಹೇಳ್ರಿ."

ಆ ಕಾಲದ ಗಾಡಿಗೆ ಗಾಲಿಗೊಂದು ಶಾಕ್ ಡಬ್ಬಿ. ಒಳಗ ಎಣ್ಣಿ, ಬಗಲಿಗೆ ಕಬ್ಬಿಣದ ತೋಳು. ಗಾಡಿ ಕುಣಿದಂಗ ತೋಳು ಏರಿ ಇಳೀತೈತಿ, ಎಣ್ಣಿ ಆ ಕುಣಿತ ತಡೀತೈತಿ. ದೂರ ಓಡಿದ್ರ ಡಬ್ಬಿ ಬಿಸಿ ಆಗತೈತಿ. ನಿಂತ ಗಾಡೀದು ತಣ್ಣಗಿರಬೇಕು... ಹೌದಲ್ಲೋ? ಮಾವ ಎಣ್ಣಿ ಬದಲಿ ಮಾಡಿ, ಬೀಗ ಹಾಕಿ ಮನಿಗೆ ಹೋದ. ಮುಂಜಾನೆ ಮುಟ್ಟಿ ನೋಡ್ತಾನ, ನಾಕೂ ಡಬ್ಬಿ ಬಿಸಿ!

"ಯಾವ ಮಗ ರಾತ್ರಿ ಗಾಡಿ ಒಯ್ಯಾಕತ್ತಾನ?" ಮಾವಗ ಸಾವಕಾರನ ಮ್ಯಾಲೇ ಅನುಮಾನ. ಟಾಂಕಿಯಿಂದ ಪೆಟ್ರೋಲ್ ತಗದ. ಗಾಲಿ ಸುತ್ತ ಬೂದಿ ಚೆಲ್ಲಿದ. ಮರುದಿನ ಬೂದಿ ಹಂಗೇ ಇತ್ತು. ಡಬ್ಬಿ ಬಿಸಿ.

ಮೂರನೇ ರಾತ್ರಿ ಲಾಟೀನು ಸಣ್ಣ ಮಾಡಿ ಶೆಡ್ಡಿನ್ಯಾಗೇ ಕುಂತ. ಮೊಗುಲಮ್ಮನೂ ಹಟ ಹಿಡಿದು ಕುಂತಳು.

ಕಿರ್ರ್... ಕಾರಿನ ಡ್ರೈವರ್ ಕಡೇ ಮೂಲಿ ಇಳೀತು. ಎರಡು ಬೆರಳು. ಸಾಯಣ್ಣ ಕಡ್ಡಿ ಆಳು, ಅಂವ ಕುಂತ್ರ ಅಷ್ಟೇ ಇಳೀತಿತ್ತು, ಗಾಡಿ ರಿಪೇರಿಗೆ ತಂದಾಗೆಲ್ಲ ಮಾವ ನೋಡಿದ್ದ. ಕಿರ್ರ್ರ್... ಹಿಂದಿನ ಎಡಗಡಿ ಮೂಲಿ ಇನ್ನೂ ಆಳಕ್ಕ ಇಳೀತು. ಒಳಗ ಯಾರೂ ಇಲ್ಲ! ಇಂಜಿನ್ ಸಪ್ಪಳಿಲ್ಲ, ಗಾಲಿ ತಿರಗವಲ್ಲವು. ಗಾಡಿ ನಿಂತಲ್ಲೇ ಕುಣ್ಯಾಕ ಹತ್ತಿತು. ಟಕ್... ಟಕ್... ತೋಳು. ಪಿಚ್... ಪಿಚ್... ಎಣ್ಣಿ.

ಮಿಸ್ತ್ರಿಗೆ ಕುಣಿತದಾಗೇ ರಸ್ತಾ ಗೊತ್ತಾಗತೈತ್ರಿ. ಜೋಡಿ ಮೋರಿ, ಎರಡು ಜಿಗಿತ... "ಮಕ್ತಲ್ ದಾಟಿತು" ಅಂತ ಪಿಸುಗುಟ್ಟಿದ. ಹಳ್ಳದ ಉಸುಕು, ಮೆತ್ತಗ. ಬಂಡಿ ತಗ್ಗು, ದಡಕ್ ದಡಕ್. ಗಪ್ಪನ ನಿಂತಿತು.

"ಮಾಗನೂರು ದಾರಿ ಹಾಳುಬಾವಿ" ಅಂದ ಮಾವ.

ಹಿಂದಿನ ಮೂಲಿ ಎದ್ದಿತು. ಮುಂದಿನ ಮೂಲಿ ಎದ್ದಿತು. ಭಾಳ ಹೊತ್ತು ಏನೂ ಇಲ್ಲ... ಆಮ್ಯಾಲೆ ಒಂದೇ ಮೂಲಿ ಇಳೀತು, ಡ್ರೈವರ್ ಕಡೇದು. ಮಾವ ಗಾಲಿ ಮ್ಯಾಲೆ ಕೈ ಇಟ್ಟು ಅಳತಿ ತಗೊಂಡ. ನಾಕು ಬೆರಳು.

"ಇಂವ ನನ್ನ ಗಂಡ ಅಲ್ಲಣ್ಣಾ" ಅಂದಳು ಮೊಗುಲಮ್ಮ.

ಮರುದಿನ ಬಾವಿ ಹೂಳು ತೆಗಿಸಿದ್ರು. ಆಕಿ ಬಾವಿ ದಂಡಿ ಮ್ಯಾಲೇ ಬಳಿ ಒಡಕೊಂಡಳು. ಆ ಹೊತ್ತಿಂದು ಹೇಳಾಕ ನನಗ ಬಾಯಿ ಬರಂಗಿಲ್ಲ, ಕೇಳಬ್ಯಾಡ್ರಿ.

ಎಂಟನೇ ದಿನ ಸಾವಕಾರ ಬಂದ. "ಪಾಪ, ಸಾಯಣ್ಣನ್ನ ರಜಾಕಾರರು ಹೊಡದು ಹಾಕಿದ್ರಂತ" ಅಂತ ಮಾರಿ ಸಪ್ಪಗ ಮಾಡಿದ. ತಾನೇ ಸ್ಟೇರಿಂಗ್ ಹಿಡಿದು ಕುಂತ. ಕಿರ್ರ್ರ್... ಮಾವ ಡಬ್ಬಿ ನೋಡೋ ನೆವದಾಗ ಬಗ್ಗಿ ಅಳತಿ ತಗೊಂಡ. ಎದ್ದು ನಿಂತು ಮೊಗುಲಮ್ಮಗ ಕೈ ತೋರಿಸಿದ. ನಾಕು ಬೆರಳು. ಆಕಿ ಸಾವಕಾರನ್ನ ಬಿಟ್ಟು ಹಿಂದಿನ ಸೀಟು ನೋಡಾಕ ಹತ್ತಿದ್ದಳು.

"ಏನು ನೋಡ್ತಾಳ ಈಕಿ?" ಅಂದ ಸಾವಕಾರ. ಗಾಡಿ ಚಾಲೂ ಮಾಡಿದ.

ನಂಬ್ರಿ, ಬಿಡ್ರಿ. ಮಾವ ಸಾಯೋತನಕ ಇದರಾಗ ಒಂದು ಮಾತು ಬದಲಿ ಮಾಡಲಿಲ್ಲ. ಸಾವಕಾರ ಒಬ್ಬನೇ ಕುಂತಿದ್ದ. ಗಾಡಿ ಶೆಡ್ಡು ದಾಟೋ ಮುಂದ ಹಿಂದಿನ ಎಡಗಡಿ ಮೂಲಿ ಕಿರ್ರ್ ಅಂತ ಇಳೀತು... ಎರಡು ಬೆರಳು.