ಮಹಡಿ ಮಕ್ಕಳಲ್ಲಿ ಕೊನೆಯವಳು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕುರ್ಚಿ ಸಿಕ್ಕಿ ಕುಳಿತಿರುವ ಮತ್ತು ಸಿಗದೆ ಗೋಡೆಗೆ ಒರಗಿ ನಿಂತಿರುವ ಪ್ರೀತಿಯ ಸಭಿಕರೇ, ಇಂದಿನ ಸನ್ಮಾನಿತೆಯಾದ ನನ್ನ ತಂಗಿಯೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಜೀವನವಿಡೀ ಡ್ರಮ್ ಬಾರಿಸಿದವನ ಕೈಗೆ ಮೈಕ್ ಕೊಟ್ಟಿದ್ದೀರಿ, ಆಮೇಲೆ ನನ್ನನ್ನು ದೂರಬೇಡಿ! ಬೆಳಗ್ಗೆ ಅಂಗಿಯ ಗುಂಡಿಯನ್ನು ಎರಡು ಸಲ ತಪ್ಪಾಗಿ ಹಾಕಿಕೊಂಡೆ. ಅರುವತ್ತು ದಾಟಿದವನಿಗೆ ಇಷ್ಟೊಂದು ಸಂಭ್ರಮ ತಕ್ಕುದೇ? ತಕ್ಕುದು ಸ್ವಾಮಿ, ಇವತ್ತು ತಕ್ಕುದು.

ನಮ್ಮ ಮನೆ ಒಂದು ಟೈರ್ ಅಂಗಡಿಯ ಮಹಡಿಯಲ್ಲಿತ್ತು. ಕೆಳಗೆ ಹಗಲೆಲ್ಲ ಗಾಳಿ ತುಂಬುವ ಯಂತ್ರದ ಸದ್ದು. ಅದನ್ನು ಮೀರಿಸಿ ಹಾಡಿದರೆ ಮಾತ್ರ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸುತ್ತಿತ್ತು. ನಾನು ಡ್ರಮ್, ದೊಡ್ಡ ತಮ್ಮ ಗಿಟಾರ್, ಚಿಕ್ಕ ತಮ್ಮ ಕೀಬೋರ್ಡ್. ಕೊನೆಯವಳು ಇವಳು. ಮಾತು ಬರುವ ಮೊದಲೇ ಸಿಳ್ಳೆ ಹಾಕಿದವಳು, ಆದ್ದರಿಂದ ಮನೆಯಲ್ಲಿ ಇವಳ ಹೆಸರು ಸೀಟಿ. ಟೈರ್ ಅಂಗಡಿಯವರು ನಮ್ಮನ್ನು ‘ಮಹಡಿ ಮಕ್ಕಳು’ ಎನ್ನುತ್ತಿದ್ದರು. ಮುಂದೆ ಪೋಸ್ಟರಿನ ಮೇಲೆ ಬಂದದ್ದೂ ಅದೇ ಹೆಸರು.

ಅಮ್ಮ ಪರದೆ ಹೊಲಿಯುವ ಅಂಗಡಿಯಲ್ಲಿದ್ದಳು. ಉಳಿದ ತುಂಡುಗಳಲ್ಲೇ ನಮ್ಮ ನಾಲ್ವರ ಉಡುಪು. ಒಂದು ಊರಿನಲ್ಲಿ ವೇದಿಕೆಯ ಪರದೆಯೂ ನಮ್ಮ ಅಂಗಿಯೂ ಒಂದೇ ಬಟ್ಟೆಯಾಗಿಬಿಟ್ಟಿತು. ಪರದೆಗೇ ತಲೆ ಮೂಡಿ ಹಾಡುತ್ತಿದೆ ಎಂದು ಜನ ನಕ್ಕರು. ಆದರೆ ಇವಳು ಬಾಯಿ ತೆರೆದ ಮೇಲೆ ಯಾರೂ ನಗಲಿಲ್ಲ. ಆಗ ಇವಳಿಗೆ ಒಂಬತ್ತು ವರ್ಷ.

ಆಮೇಲೆ ಹನ್ನೆರಡು ವರ್ಷ ನಾವು ಸುತ್ತದ ಊರಿಲ್ಲ. ಕಾಲೇಜು, ಕಾರ್ಖಾನೆ, ಕ್ಲಬ್ಬು, ಎಲ್ಲ ಕಡೆ ಹಾಡಿದೆವು. ಜನ ಬರುತ್ತಿದ್ದದ್ದು ಯಾರಿಗಾಗಿ? ನನ್ನ ಡ್ರಮ್ಮಿಗಾಗಿಯೇ? ಈ ಪ್ರಶ್ನೆಗೆ ಉತ್ತರ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು.

ಆ ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ, ಕಾರ್ಯಕ್ರಮ ಮುಗಿದ ಮೇಲೆ, ರೆಕಾರ್ಡಿಂಗ್ ಕಂಪನಿಯವರೊಬ್ಬರು ಬಂದರು. "ನಿಮ್ಮ ತಂಗಿ ಒಬ್ರೇ ಬಂದು ನಮಗೆ ಹಾಡ್ತಾರಾ? ಒಂದ್ಸಲ ಕೇಳಿ ಹೇಳಿ" ಎಂದರು. ಇವಳು ಪಕ್ಕದ ಕೋಣೆಯಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ನಾನು ಎದ್ದು ಹೋದೆ. ಅವಳ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಬಾಗಿಲು ತಟ್ಟಲಿಲ್ಲ. ವಾಪಸು ಬಂದು, "ಅವಳಿಗೆ ಇಷ್ಟ ಇಲ್ವಂತೆ" ಎಂದೆ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬರೆದುಕೊಂಡು ಬಂದ ಚೀಟಿಯಲ್ಲಿ ಇದು ಇಲ್ಲ. ಆದರೆ ಬಾಯಿಗೆ ಬಂದಾಯಿತು, ಇನ್ನು ನುಂಗಿಕೊಳ್ಳಲಾರೆ.

ನಾಲ್ಕು ವರ್ಷದ ಮೇಲೆ ಆ ಕಂಪನಿಯವರೇ ಇವಳಿಗೆ ಎಲ್ಲೋ ಸಿಕ್ಕಿ, "ಅವತ್ತು ನೀವು ಒಲ್ಲೆ ಅಂದಿದ್ದು ಬೇಜಾರಾಯ್ತಮ್ಮ" ಎಂದರಂತೆ. ಇವಳು ಮನೆಗೆ ಬಂದು ಹೊಸ್ತಿಲಲ್ಲೇ ನಿಂತಳು.

"ಅಣ್ಣಾ, ಅವತ್ತು ನನ್ನನ್ನ ಕೇಳಿದ್ಯಾ?"

"ಎಲ್ಲರ ಒಳ್ಳೇದಕ್ಕೇ ಕಣೇ..."

"ಕೇಳಿದ್ಯಾ, ಇಲ್ವಾ?"

"ಇಲ್ಲ."

ಕೂಗಾಡಲಿಲ್ಲ. ವೇದಿಕೆಯ ಉಡುಪನ್ನು ಮಡಿಸಿ ಅಮ್ಮನ ಹೊಲಿಗೆ ಯಂತ್ರದ ಮೇಲಿಟ್ಟು ಹೊರಟುಹೋದಳು. ಇವಳಿಲ್ಲದ ಮಹಡಿ ಮಕ್ಕಳು ಒಂದು ವರ್ಷವೂ ಬಾಳಲಿಲ್ಲ. ತಮ್ಮಂದಿರು ಬೇರೆ ಕೆಲಸ ಹಿಡಿದರು. ನಾನು ಇನ್ನೊಬ್ಬರ ತಂಡದಲ್ಲಿ ಬಾರಿಸತೊಡಗಿದೆ. ಅಮ್ಮನಿಗೆ ಇವಳ ಕಾಗದ ಬರುತ್ತಿತ್ತು, ವಿಳಾಸ ಕೇಳುವ ಮುಖ ನನಗಿರಲಿಲ್ಲ.

ಆರು ವರ್ಷ ಕಳೆಯಿತು. ಸಭಿಕರೇ, ಈಗ ದಯವಿಟ್ಟು ಗಮನವಿಟ್ಟು ಕೇಳಿ! ಒಂದು ದೊಡ್ಡ ಬಸ್ ನಿಲ್ದಾಣ, ಮಧ್ಯಾಹ್ನ ಎರಡು ಗಂಟೆ. ತೊಡೆಯ ಮೇಲೆ ಡ್ರಮ್ ಇಟ್ಟುಕೊಂಡು ಕುಳಿತಿದ್ದೇನೆ. ಧ್ವನಿವರ್ಧಕದಲ್ಲಿ, "ಪ್ರಯಾಣಿಕರ ಗಮನಕ್ಕೆ" ಎಂದಿತು ಒಂದು ದನಿ. ಎರಡೇ ಪದ! ಆ ದನಿ ಇವಳದೇ! ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ನಾನು ಕೇಳುತ್ತಲೇ ಇದ್ದೆ. ತಡವಾಗಿ ಬರುವ ಬಸ್ಸಿನ ಸುದ್ದಿಯನ್ನು ಅಷ್ಟು ಚೆಂದವಾಗಿ ಯಾರಾದರೂ ಹೇಳಿದ್ದುಂಟೇ?

ಕೊನೆಗೆ ಓಡಿದೆ. ಮೆಟ್ಟಿಲು ಹತ್ತಿ ಗಾಜಿನ ಕೋಣೆಯ ಬಾಗಿಲು ತಳ್ಳಿದೆ. ಇವಳು ಕೈ ಎತ್ತಿ ತಡೆದಳು. ಅದನ್ನು ನಾನೆಲ್ಲಿ ಗಮನಿಸಿದೆ? "ಸೀಟಿ, ನಾನು ಸುಳ್ಳು ಹೇಳ್ದೆ ಕಣೇ. ನೀನು ಹೋದ್ರೆ ನನ್ನ ಡ್ರಮ್ ಯಾರು ಕೇಳ್ತಾರೆ ಅಂತ ಹೆದರಿಬಿಟ್ಟೆ. ನಿನ್ನ ಹಾಡು ಕಿತ್ಕೊಂಡೆ. ತಪ್ಪಾಯ್ತು" ಎಂದು ಗೊಳೋ ಎಂದು ಅತ್ತೆ.

ಇವಳು ಮೆಲ್ಲಗೆ ಅಂದಳು: "ಅಣ್ಣಾ, ಮೈಕ್ ಆನ್ ಇದೆ."

ಇಡೀ ನಿಲ್ದಾಣಕ್ಕೆ ಕೇಳಿಸಿತ್ತು! ಕೆಳಗೆ ಜನರೆಲ್ಲ ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದರು. ಚೀಲ ಹೊತ್ತ ಮುದುಕಿಯೊಬ್ಬಳು ಕೂಗಿದಳು: "ಕ್ಷಮಿಸಿಬಿಡವ್ವಾ! ನಮ್ಮ ಬಸ್ಸು ಯಾವ ಕಡೆ ಬರುತ್ತೆ ಅದನ್ನೂ ಹೇಳು!" ಇವಳು ಕಣ್ಣೊರೆಸಿಕೊಂಡು, ನಗುತ್ತಾ, ಬಸ್ಸಿನ ಜಾಗ ಹೇಳಿಯೇ ಮೈಕ್ ಆರಿಸಿದಳು. ಗುಂಡಿ ಇವಳ ಬೆರಳ ಕೆಳಗೇ ಇತ್ತು. ಮೊದಲೇ ಯಾಕೆ ಆರಿಸಲಿಲ್ಲ? ಇವತ್ತಿನವರೆಗೆ ನಾನು ಕೇಳಿಲ್ಲ.

ಮರುದಿನವೇ ಆ ಕಂಪನಿಯವರ ಬಳಿ ಹೋಗಿ ನಿಜ ಹೇಳಿದೆ. ಅವರು ಬೈದರು, ಬೈಸಿಕೊಂಡೆ. "ನಾನೇ ಮಾತಾಡಿ ಒಪ್ಪಿಸ್ಲಾ?" ಎಂದು ಇವಳನ್ನು ಕೇಳಿದರೆ, "ಬೇಡ. ಈ ಸಲ ಅವರು ನನ್ನನ್ನೇ ಕೇಳ್ಲಿ" ಎಂದಳು. ಕೇಳಿದರು. ಮೂವತ್ತೊಂದನೆಯ ವಯಸ್ಸಿನಲ್ಲಿ ಇವಳ ಮೊದಲ ಹಾಡು ಹೊರಬಂತು. ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಎಷ್ಟು ಜನರ ಮಕ್ಕಳು ಆ ಹಾಡು ಕೇಳಿ ನಿದ್ದೆ ಹೋಗಿಲ್ಲ?

ಮೊನ್ನೆ ಫೋನ್ ಮಾಡಿ ಅಂಜುತ್ತಲೇ ಕೇಳಿದೆ: "ಸನ್ಮಾನದ ದಿನ ಒಂದು ಹಾಡಿಗೆ ನಾನು ಬಾರಿಸ್ಲೇನೇ?"

"ಬೇಡಣ್ಣ."

ಸರಿ ಎಂದು ಫೋನ್ ಇಡಹೊರಟೆ, ಇವಳು ತಡೆದಳು.

"ನೀನು ಚಿಕ್ಕಂದಿನಿಂದ ನನ್ನ ಬೆನ್ನೇ ನೋಡಿದೀಯ. ಆಮೇಲೂ ನನ್ನ ಕಾರ್ಯಕ್ರಮಕ್ಕೆ ಬಂದಾಗೆಲ್ಲ ಪರದೆ ಮರೆಯಲ್ಲೇ ನಿಂತ್ಕೊಂಡೆ. ಈ ಸಲ ಕೆಳಗೆ, ಮುಂದಿನ ಸಾಲಲ್ಲಿ ಕೂತ್ಕೋ. ಹಾಡುವಾಗ ನನ್ನ ಮುಖ ಹೇಗಿರುತ್ತೆ ಅಂತ ನೋಡು."

ಹೌದಲ್ಲವೇ? ನನ್ನ ತಂಗಿ ಹಾಡುವಾಗ ಹುಬ್ಬು ಏರಿಸುತ್ತಾಳೋ, ಕಣ್ಣು ಮುಚ್ಚುತ್ತಾಳೋ, ನೀವೆಲ್ಲ ಬಲ್ಲಿರಿ. ನನಗೆ ಮಾತ್ರ ಗೊತ್ತಿಲ್ಲ! ಮೊದಲ ಸಾಲಿನ ಮಧ್ಯದ ಕುರ್ಚಿಯ ಮೇಲೆ ನನ್ನ ಕರವಸ್ತ್ರ ಹಾಸಿ ಬಂದಿದ್ದೇನೆ, ಯಾರೂ ಕೂರಬೇಡಿ. ನನ್ನ ಐದು ನಿಮಿಷ ಮುಗಿದು ಬಹಳ ಹೊತ್ತಾಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಅವರಿಗಿಂತ ನನಗೇ ಅವಸರ. ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಕೃತಜ್ಞ. ನಾನು ಇಳಿಯುತ್ತೇನೆ, ಅವಳು ಹಾಡಲಿ. ನಮಸ್ಕಾರ.