ಸೋಸಿ ಕೊಟ್ಟ ವರದಿ

...ಆ ಮಿಷನ್ ಸ್ವಲ್ಪ ನಿಲ್ಲಿಸ್ತೀಯಾ ಅಕ್ಕಾ? ತಲೆ ಒಳಗೇ ಓಡ್ತಿದೆ ಅದು... ನಿಲ್ಲಿಸಲ್ವಾ? ಸರಿ, ಹೊಲಿ. ಹೊಲೀತಾನೇ ಕೇಳಿಸ್ಕೋ. ಸೋಮವಾರ ಸ್ಕೂಲ್ ಶುರು, ಯೂನಿಫಾರಂ ಕೊಟ್ಟವರು ಬಾಗಿಲಿಗೆ ಬಂದು ನಿಲ್ತಾರೆ, ಗೊತ್ತು ನನಗೆ. ಗಂಡ ಹೋಗಿ ಇನ್ನೂ ಹದಿನೆಂಟೇ ದಿನ, ಮಿಷನ್ ತುಳೀತಿದ್ದಾಳೆ ಅಂತ ಜನ ಆಡ್ಕೊಂಡ್ರೆ ಆಡ್ಕೊಳ್ಳಲಿ ಬಿಡು. ಕೈಗೊಂದು ಕೆಲಸ ಬೇಕು ಮನುಷ್ಯನಿಗೆ. ಎಲ್ಲಿದ್ದೆ ನಾನು? ಹಾಂ, ನಾಳೆ. ನಾಳೆ ಹತ್ತು ಗಂಟೆಗೆ ವಿಚಾರಣೆಯವರು ಬರ್ತಾರೆ. ನಮ್ಮ ಕಡೆಯವರು ಇಬ್ಬರು, ಮಿತ್ರದೇಶದವರು ಇಬ್ಬರು.

ಯಾಕೆ ನಗ್ತೀಯ? ಮಿತ್ರದೇಶ ಅಂದಿದ್ದಕ್ಕಾ? ನಗು ನಗು. ನಮ್ಮ ಆಫೀಸಲ್ಲೂ ಹಾಗೇ ನಗ್ತಾರೆ. ಆದ್ರೆ ಭಾವ ನಗ್ತಿರ್ಲಿಲ್ಲ. ಅವರ ಮಿಲಿಟರಿ ಲಾರಿ ಮುಂದೆ ಯಾವಾಗ್ಲೂ ಆ ದೇಶದ ಗಾಡಿನೇ ಇರ್ತಿತ್ತಲ್ಲ... 'ಅವರ ಡ್ರೈವರ್‌ಗಳು ಒಳ್ಳೇವರು ಕಣಯ್ಯಾ, ಬಿಸ್ಕೆಟ್ ಕೊಡ್ತಾರೆ' ಅಂತಿದ್ರು. ಇದೇ ಸ್ಟೂಲಲ್ಲಿ ಕೂತು ಅಂದಿದ್ರು.

ಸರಿ, ಅದು ಬೇಡ. ಈ ಕಾಗದ ನೋಡು. ಟೈಪ್ ಮಾಡಿಸಿ ತಂದಿದ್ದೀನಿ, ನೀನೇನೂ ಬರೆಯೋದಿಲ್ಲ. ಕೆಳಗೆ ಒಂದು ಸಹಿ, ಅಷ್ಟೇ. ಓದ್ತೀನಿ ಇರು. 'ಬುಧವಾರ ಬೆಳಿಗ್ಗೆ ನನ್ನ ತಮ್ಮನಿಗೆ ಆಫೀಸಿಗೆ ಫೋನ್ ಮಾಡಿದ್ದೆ. ಅಮ್ಮನ ಕಣ್ಣಿನ ಆಪರೇಷನ್ ವಿಷಯ ಮಾತ್ರ ಮಾತಾಡಿದೆವು.' ಮುಗೀತು. ಎರಡೇ ಸಾಲು.

ಸುಳ್ಳು ಎಲ್ಲಿ ಬಂತು? ಅಮ್ಮನ ಕಣ್ಣಿನ ಮಾತು ಬಂದಿತ್ತಲ್ವಾ? ಬಂದಿತ್ತು! ಫೋನ್ ಇಡೋ ಮುಂಚೆ ನೀನೇ ಕೇಳಿದೆ.

ನೋಡು, ಹಾಗೆ ನೋಡ್ಬೇಡ ನನ್ನ. ಇದು ಭಾವನಿಗೋಸ್ಕರ ಅಕ್ಕಾ. ನಮ್ಮ ಆಫೀಸ್ ಒಳಗೆ ಮೊಬೈಲ್ ಬಿಡಲ್ಲ, ಬಾಗಿಲಾಚೆ ಗೂಡಲ್ಲಿಟ್ಟು ಬೀಗ ಹಾಕಿ ಹೋಗ್ಬೇಕು. ಮನೆಯಿಂದ ಫೋನ್ ಬಂದ್ರೆ ಆಪರೇಟರ್ ರಿಜಿಸ್ಟರಲ್ಲಿ ಬರೀತಾನೆ. ನಿನ್ನ ಫೋನೂ ಇದೆ ಅದರಲ್ಲಿ... ಬುಧವಾರ, ಹನ್ನೊಂದು ಇಪ್ಪತ್ತು, ನಾಲ್ಕು ನಿಮಿಷ, ಅಕ್ಕ. ಏನು ಮಾತಾಡಿದ್ರು ಅಂತ ಇಲ್ಲ. ಅದನ್ನೇ ಕೇಳೋಕೆ ಬರ್ತಿರೋದು ಅವರು. ನೀನು ಬಾಯಿ ತಪ್ಪಿ, ಶುಕ್ರವಾರ ಲಾರಿ ಸಾಲಿನ ಜೊತೆ ಹೊರಡ್ತೀನಿ ಅಂತ ಗಂಡ ಹೇಳಿದ್ರು, ಅದಕ್ಕೇ ತಮ್ಮನ್ನ ಕೇಳ್ದೆ ಅಂದ್ಬಿಟ್ರೆ? ಹೊರಡೋ ದಿನ ಹೆಂಡತಿಗೆ ಹೇಳೋದೇ ಅಪರಾಧ ಕಣೇ! ಗುಟ್ಟು ಬಿಟ್ಟುಕೊಟ್ಟಿದ್ದು ಆ ಡ್ರೈವರೇ ಅಂತ ಅವರ ತಲೆ ಮೇಲೆ ಹಾಕಿ ಕೈ ತೊಳ್ಕೋತಾರೆ. ಸತ್ತವರು ಎದ್ದು ಬಂದು ಅಲ್ಲ ಅಂತಾರಾ? ನಿನ್ನ ಮಗಳು ಸೋಮವಾರದಿಂದ ಸ್ಕೂಲಲ್ಲಿ ತಲೆ ಎತ್ತಿ ಓಡಾಡೋದು ಬೇಡ್ವಾ?

ಹೊಲಿ, ಹೊಲಿ. ನಾನು ಕಾಯ್ತೀನಿ.

...ಇಷ್ಟು ವರ್ಷ ನಿನಗೆ ನನ್ನ ಕೆಲಸ ಏನು ಅಂತ ಹೇಳೇ ಇಲ್ಲ ನಾನು. ಕಂಪ್ಯೂಟರ್ ಕಾಯೋದು ಅಂತಿದ್ದೆ. ಭಾವ ತಮಾಷೆ ಮಾಡೋರು, 'ನಾನು ಲಾರಿ ಓಡಿಸ್ತೀನಿ, ನನ್ನ ಭಾಮೈದ ಕುರ್ಚಿ ಓಡಿಸ್ತಾನೆ' ಅಂತ. ಹೇಳ್ತೀನಿ ಕೇಳು, ಕೇಳಿದ್ರೆ ನಿನಗೇ ಅರ್ಥ ಆಗತ್ತೆ ತಪ್ಪು ಯಾರದ್ದು ಅಂತ. ಒಂದು ದೊಡ್ಡ ಹಾಲ್. ಮಧ್ಯೆ ಗಾಜಿನ ಗೋಡೆ. ಈ ಕಡೆ ನಾವು, ಆ ಕಡೆ ಅವರು. ಯಾರಾದ್ರೂ ಕಳ್ಳ ನಮ್ಮ ಸೈನ್ಯದ ಕಂಪ್ಯೂಟರ್ ಒಳಗೆ ನುಗ್ಗಿದ್ರೆ ನಾವು ಅವರಿಗೆ ಹೇಳ್ಬೇಕು, ಅವರದ್ದಕ್ಕೆ ನುಗ್ಗಿದ್ರೆ ಅವರು ನಮಗೆ. ಒಪ್ಪಂದ ಆಗಿದೆ, ಬಾವುಟ ಹಾರಿಸಿ ಫೋಟೋ ತೆಗೆಸ್ಕೊಂಡಿದ್ದಾರೆ. ಆದ್ರೆ ಅವರ ಕಂಪ್ಯೂಟರಿಗೂ ನಮ್ಮ ಕಂಪ್ಯೂಟರಿಗೂ ಒಂದು ತಂತಿಯ ಸಂಬಂಧಾನೂ ಇಲ್ಲ! ಅಷ್ಟು ನಂಬಿಕೆ! ಪ್ರಿಂಟ್ ತೆಗೆದು, ಗಾಜಲ್ಲಿ ಒಂದು ಕಿಂಡಿ ಇದೆ, ಅದರಲ್ಲಿ ಕೊಡೋದು. ಕೊಡೋ ಮುಂಚೆ ಸೋಸೋದು. ಆ ಸೋಸೋ ಮೇಜೇ ನನ್ನದು. ಹನ್ನೊಂದು ವರ್ಷದಿಂದ. ನನಗೆ ಜರಡಿ ಅಂತಾರೆ ಅಲ್ಲಿ.

ಸೋಸೋದು ಅಂದ್ರೆ... ಕಳ್ಳ ಹೇಗೆ ಬಂದ ಅಂತ ಹೇಳು, ಯಾವ ಕೋಣೆಗೆ ಬಂದ ಅಂತ ಹೇಳ್ಬೇಡ. ಅಷ್ಟೇ. ನಮ್ಮ ಮನೆ ಹುಳುಕು ನೆಂಟರಿಗೆ ಯಾಕೆ ತೋರಿಸ್ಬೇಕು? ಅವರೇನು ಕಮ್ಮಿನಾ, ಅವರೂ ಹಾಗೇ ಮಾಡ್ತಾರೆ. ವರದಿ ಮೇಲೆ ಕಪ್ಪು ಪೆನ್ನಲ್ಲಿ ಹೆಸರು ಹೊಡೆದುಹಾಕೋದು. ಒಂದು ಸಲ ಹೊಡೆದ್ರೆ ಸಾಲಲ್ಲ. ಎರಡು ಸಲ ಹೊಡೆದು, ಎತ್ತಿ ಬೆಳಕಿಗೆ ಹಿಡಿದು ನೋಡ್ಬೇಕು. ಅಕ್ಷರ ಕಾಣಬಾರದು. ಅದರಲ್ಲಿ ನನ್ನ ಮೀರಿಸೋರಿಲ್ಲ ಅಕ್ಕಾ. ಮೇಜರ್ ಸಾಹೇಬ್ರು ಹೊಸಬರನ್ನ ಕರ್ಕೊಂಡು ಬಂದು ತೋರಿಸ್ತಿದ್ರು ನನ್ನ ಕೆಲಸನ.

ಆ ವಾರ ಏನಾಯ್ತಪ್ಪಾ ಅಂದ್ರೆ, ಕಳ್ಳ ಹೊಕ್ಕಿದ್ದು ಸಾರಿಗೆ ವಿಭಾಗದ ಕಂಪ್ಯೂಟರಿಗೆ. ಏನೂ ಮುಟ್ಟಿರ್ಲಿಲ್ಲ, ಏನೂ ಅಳಿಸಿರ್ಲಿಲ್ಲ. ಲಾರಿಗಳ ವೇಳಾಪಟ್ಟಿ ಓದ್ಕೊಂಡು ಹೋಗಿದ್ದ. ಯಾವ ದಿನ, ಯಾವ ದಾರಿ, ಎಷ್ಟು ಲಾರಿ. ನಮ್ಮ ಸಾರಿಗೆಯವರು ಏನ್ ಮಾಡಿದ್ರು ಗೊತ್ತಾ? ಪಾಸ್‌ವರ್ಡ್ ಬದಲಾಯಿಸಿದ್ರು! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ, ಹಾಗೆ. ದಾರಿ ಬದಲಾಯಿಸೋ ಅಧಿಕಾರ ನಮ್ಮವರಿಗಿಲ್ಲ. ಮುಂದೆ ಹೋಗೋ ಗಾಡಿ ಮಿತ್ರದೇಶದವರದ್ದು, ದಾರಿ ಹೇಳೋರು ಅವರೇ. ಅವರಲ್ಲಿ ಒಂದು ನಿಯಮ ಇದೆ... ವೇಳಾಪಟ್ಟಿ ಯಾರಾದ್ರೂ ಓದಿದ್ರು ಅಂತ ಗೊತ್ತಾದ್ರೆ ಸಾಕು, ಆ ದಾರಿಯಲ್ಲಿ ಒಂದು ಸೈಕಲ್ಲೂ ಹೋಗೋ ಹಾಗಿಲ್ಲ.

ಅವರಿಗೆ ಗೊತ್ತಾಗ್ಲಿಲ್ಲ. ಕಾಗದದಲ್ಲಿ 'ಸಾರಿಗೆ ವಿಭಾಗದ ವೇಳಾಪಟ್ಟಿ ಕಂಪ್ಯೂಟರ್' ಅಂತಿತ್ತು, ಅದು ಹೊಡೆದುಹೋಗಿ 'ಒಂದು ಕಚೇರಿ ಕಂಪ್ಯೂಟರ್' ಅಂತ ಆಗಿತ್ತು.

...ಹೌದು, ನಾನೇ. ಇನ್ಯಾರು ಹೊಡೀತಾರೆ? ನನ್ನ ಮೇಜು ಅಂದ್ನಲ್ಲ. ಆದ್ರೆ ನಿಯಮ ಅದು! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು, ನಮ್ಮ ದೊಡ್ಡವರ ಜಾತಕವೇ ಅದು. ನಾನು ಮೇಲಿನವರು ಹೇಳಿದ್ದು ಮಾಡಿದೆ. ಆ ಕಡೆ ಕಿಂಡಿ ಹತ್ರ ಕೂರೋನು ಒಬ್ಬ ಇದ್ದಾನೆ, ಉದ್ದಣ್ಣ ಅಂತ ಹೆಸರಿಟ್ಟಿದ್ದೀವಿ, ಬಾಗಿಲಲ್ಲಿ ಬಗ್ಗಿ ಬರ್ಬೇಕು ಅಷ್ಟು ಉದ್ದ. ಅವನು ಕಾಗದ ಓದಿ ಕೇಳ್ದ, ಯಾವ ಕಚೇರಿ ಅಂತ. ಹೀಗೇ ಒಂದು ಕಚೇರಿ ಕಣಯ್ಯಾ ಅಂದೆ. ಹೆಬ್ಬೆಟ್ಟು ಎತ್ತಿ ತೋರಿಸ್ದ. ಶುಕ್ರವಾರ ಆ ವೇಳಾಪಟ್ಟಿ ಕದ್ದವರು ಸೇತುವೆ ಹತ್ರ ಕಾದು ಕೂತಿದ್ರಲ್ಲ... ಸುದ್ದಿ ಬಂದಾಗ ಆ ಮನುಷ್ಯ ಗಾಜಿಗೆ ಹಣೆ ಒತ್ತಿ ಅತ್ತುಬಿಟ್ಟ. ಒಂಬತ್ತು ಲಾರಿಯಲ್ಲಿ ವಾಪಸ್ ಬಂದಿದ್ದು ಐದು. ಸಾಲಲ್ಲಿ ನಾಲ್ಕನೇದು ಭಾವಂದು, ಅದು ಬರ್ಲಿಲ್ಲ.

ಅದಕ್ಕೇ ಹೇಳ್ತಿರೋದು, ತಪ್ಪು ನಿಯಮದ್ದು. ನಾನು ವಿಚಾರಣೆಯವರಿಗೂ ಅದನ್ನೇ ಹೇಳಿದ್ದೀನಿ. ಶುಕ್ರವಾರ ಲಾರಿ ಸಾಲು ಹೊರಡತ್ತೆ ಅಂತಾನೇ ನನಗೆ ಗೊತ್ತಿರ್ಲಿಲ್ಲ ಅಂದಿದ್ದೀನಿ. ಗೊತ್ತಿದ್ದಿದ್ರೆ ಹೊಡೀತಿದ್ನಾ? ನನ್ನ ಅಕ್ಕನ ಗಂಡ!

...ಮಿಷನ್ ಯಾಕೆ ನಿಲ್ಲಿಸಿದೆ?

ಇಲ್ಲ, ಹೊಲಿ. ಸೋಮವಾರಕ್ಕೆ ಕೊಡ್ಬೇಕಲ್ಲ.

ಹೌದು, ನೀನು ಬುಧವಾರ ಫೋನಲ್ಲಿ ಹೇಳಿದ್ದೆ, ಶುಕ್ರವಾರ ಅಂತ. ಹೇಳಿದ್ದೆ. ಇಲ್ಲ ಅಂದ್ನಾ? ಆದ್ರೆ ಆ ವರದಿ ನನ್ನ ಮೇಜಿಗೆ ಬಂದಿದ್ದೇ ಗುರುವಾರ ಸಂಜೆ. ಅಷ್ಟೊತ್ತಿಗೆ ನಿನ್ನ ಮಾತು ತಲೆಯಿಂದ ಹೋಗಿತ್ತು... ನೂರು ಕಾಗದ ಬರತ್ತೆ ದಿನಕ್ಕೆ... ಮತ್ತೆ ಫೋನಲ್ಲಿ ನಾನು ನಡುವೆ ಸುಮ್ಮನಾಗಿದ್ದು ಲೈನ್ ಸರಿ ಇರ್ಲಿಲ್ಲ ಅಂತ. ಹಲೋ ಹಲೋ ಅಂತಿದ್ದೆಯಲ್ಲ ನೀನು, ಗರಗರ ಅಂತಿತ್ತು.

...ಯಾಕೆ ಸುಮ್ಮನಾದೆ ಅಂತ ನೀನು ಕೇಳಲೇ ಇಲ್ಲ, ಅಲ್ವಾ?

ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಇಲ್ಲಿ ಯಾರೂ ಕಳ್ಳ ಅಂತಾನೂ ಅನ್ಲಿಲ್ಲ.

ಏನಾದ್ರೂ ಹೇಳೇ! ಬೈಯಿ! ಆ ಕತ್ತರಿ ತೆಗೆದು ಎಸಿ ನನ್ನ ಮೇಲೆ! ಹದಿನೆಂಟು ದಿನದಿಂದ ಹೀಗೇ ಇದ್ದೀಯ. ಹೆಣ ತಂದಾಗ್ಲೂ ನನ್ನ ಹತ್ರ ಒಂದು ಮಾತಾಡ್ಲಿಲ್ಲ. ದುಃಖ ಅಂದ್ಕೊಂಡೆ. ನಾನೊಬ್ಬ ಪೆದ್ದ, ದುಃಖ ಅಂದ್ಕೊಂಡೆ...

ನಿನಗೆ ಆವತ್ತೇ ಗೊತ್ತಾಗಿತ್ತು. ಫೋನಲ್ಲೇ. ಚಿಕ್ಕಂದಿನಿಂದ ನೀನೇ ಸಾಕಿದವಳು, ನಾನು ಸುಮ್ಮನಾದ್ರೆ ಏನೋ ಮುಚ್ಚಿಡ್ತಿದ್ದೀನಿ ಅಂತ ಅಮ್ಮನಿಗೂ ಮುಂಚೆ ನಿನಗೆ ಗೊತ್ತಾಗ್ತಿತ್ತು.

ಸರಿ. ಬುಧವಾರ. ಹತ್ತು ಗಂಟೆಗೇ ಬಂದಿತ್ತು ಅದು. ನೀನು ಫೋನ್ ಮಾಡಿದಾಗ ನನ್ನ ಮುಂದೇನೇ ಇತ್ತು, ಮೇಜಿನ ಮೇಲೆ. ನೀನು ಅಂದೆ, ಇವರಿಗೆ ಬೆನ್ನು ನೋವು, ಡಾಕ್ಟರು ಎರಡು ದಿನ ರಜೆ ಚೀಟಿ ಕೊಟ್ಟಿದ್ದಾರೆ, ಹಾಕ್ತಾ ಇಲ್ಲ, ನೀನಾದ್ರೂ ಹೇಳು, ಶುಕ್ರವಾರದ ದಾರಿ ಹೇಗಿದೆಯೋ ಅಂದೆ. ಎಡಗೈಯಲ್ಲಿ ಫೋನು. ಬಲಗೈಯಲ್ಲಿ ಪೆನ್ನು. ಆ ಸಾಲಿನ ಮೇಲೇ ಇತ್ತು ಅಕ್ಕಾ ಪೆನ್ನು! ರಜೆ ಹಾಕಿಸು ಅನ್ನೋಕೆ ಬಾಯಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಆದ್ರೆ ಹಾಗಂದ್ರೆ... ಭಾವನಿಗೆ ಹೋಗ್ಬೇಡಿ ಅಂತ ಹೇಳೋನು ಉಳಿದ ಎಂಟು ಡ್ರೈವರ್‌ಗಳಿಗೆ ಯಾಕೆ ಹೇಳ್ಬಾರ್ದು? ಆ ಸಾಲು ಹೊಡೆಯೋ ಹಾಗಿಲ್ಲ ಆಗ. ಮೇಜರ್ ಹತ್ರ ಹೋಗಿ, ಸಾಹೇಬ್ರೇ ಇದನ್ನ ಅವರಿಗೆ ಹಾಗೇ ಕೊಡ್ಬೇಕು ಅನ್ಬೇಕು. ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಹಾಗೆ ಅಂದವನಲ್ಲ. ಆ ಕಡೆ ಉದ್ದಣ್ಣ ಕಿಂಡಿಗೆ ಕೈ ಚಾಚಿ ನಿಂತಿದ್ದ. ಕಳ್ಳ ಪಟ್ಟಿ ಓದಿದ್ರೇನು, ಬರೀ ಓದಿದ್ದಾನೆ, ಏನಾಗತ್ತೆ ಅಂದ್ಕೊಂಡೆ... ಕಳಿಸು, ಏನೂ ಆಗಲ್ಲ ಅಂದೆ ನಿನಗೆ. ಅನ್ನುತ್ತಾ ಅನ್ನುತ್ತಾನೇ ಹೊಡೆದೆ.

ಮೇಲಿನವರು ಯಾರೂ ಏನೂ ಹೇಳಿರ್ಲಿಲ್ಲ. ನನ್ನ ಯಾರೂ ಕೇಳ್ಲೂ ಇಲ್ಲ.

...ಈಗ ಹೇಳಿದ್ನಲ್ಲ. ಇನ್ನು ಒಂದು ಮಾತಾಡು. ನಾಳೆ ಅವರ ಮುಂದೆ ಏನು ಹೇಳ್ತೀಯ? ನಾನು ಜೈಲಿಗೆ ಹೋದ್ರೆ ಅಮ್ಮನ್ನ ನೋಡ್ಕೊಳ್ಳೋರು ಯಾರು ಹೇಳು. ಭಾವ ವಾಪಸ್ ಬರ್ತಾರಾ ಅದರಿಂದ?

ಏನು, ಕಾಗದನಾ? ತಗೋ... ತಗೋ ಅಕ್ಕಾ. ಪೆನ್ನು ಇಲ್ಲಿದೆ, ನನ್ನದೇ ತಗೋ. ನನಗೆ ಗೊತ್ತಿತ್ತು, ನೀನು ನನ್ನ ಕೈ ಬಿಡಲ್ಲ ಅಂತ. ಕೆಳಗಡೆ, ಅಲ್ಲಿ ಗೆರೆ ಇದೆ ನೋಡು, ಅದರ ಮೇಲೆ... ಅಲ್ಲ, ಅಲ್ಲಲ್ಲ. ಅದು ಮೇಲಿನ ಸಾಲು. ಸಹಿ ಕೆಳಗೆ. ಅಕ್ಕಾ, ಅದು...

'ನನ್ನ ತಮ್ಮನಿಗೆ' ಅನ್ನೋದು ಯಾಕೆ ಹೊಡೀತಿದ್ದೀಯ?

ಬೇಡ. ಎರಡನೇ ಸಲ ಹೊಡೀಬೇಡ... ಅಕ್ಕಾ. ಕಾಗದ ಇಳಿಸು. ಕಿಟಕಿ ಕಡೆ ಹಿಡಿದು ಏನು ನೋಡ್ತೀಯ? ಇಳಿಸು ಅದನ್ನ, ಅಕ್ಕಾ...