ಗೂಬೆಯ ಕಣ್ಣು ಅಳೆದ ಸಾಫ್ಟ್‌ವೇರ್

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೇ, ಪ್ರಾಣಿಶಾಸ್ತ್ರದ ನನ್ನ ಗುರುಗಳಾದ ಗಂಗಾಂಬಿಕೆ ಮೇಡಂ ಅವರೇ, ಭಾಷಣದ ನಂತರ ಊಟವಿದೆ ಎಂದು ತಿಳಿದು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನಿರೂಪಕರು ನನ್ನನ್ನು ವಿಜ್ಞಾನಿ ರೂಬಿ ಎಂದು ಕರೆದರು. ನಾನು ವಿಜ್ಞಾನಿಯಲ್ಲ, ಈ ತುಮಕೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ವಿಜ್ಞಾನ ಮೇಡಂ ಅವರದು. ಕಣ್ಣುಗಳು ಗುಬ್ಬಿ ಊರಿನಲ್ಲಿರುವ ನನ್ನ ತಂದೆ, ಅಬ್ಬಾ ಮನ್ಸೂರ್ ಅಲಿಯವರದು. ತಪ್ಪು ತಿಳಿಯಬೇಡಿ, ಅಬ್ಬಾ ಅವರದು ಮಟನ್ ಅಂಗಡಿ, ಕಣ್ಣುಗಳು ಕುರಿ ಮೇಕೆಗಳವು.

ನೀವು ಸನ್ಮಾನಿಸುತ್ತಿರುವ ಈ ಸಾಫ್ಟ್‌ವೇರ್ ಮಾಡುವುದಾದರೂ ಏನು? ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪೊರೆಯಿದೆ. ಬೆಳಕು ಬಂದು ಬೀಳುವುದು ಅಲ್ಲಿ. ಅದನ್ನು ಅಡ್ಡಕ್ಕೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದರೆ ಪದರದ ಮೇಲೆ ಪದರ ಕಾಣುತ್ತದೆ. ಮೇಡಂ ಒಂದೊಂದನ್ನೂ ಕೈಯಲ್ಲೇ ಅಳೆಯುತ್ತಿದ್ದರು. ತೊಂಬತ್ತೆಂಟರಲ್ಲಿ ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿಕೊಡು ಎಂದು ನನ್ನನ್ನು ಕೇಳಿದರು.

ಮೊದಲ ಸಲ ಆ ಪದರಗಳನ್ನು ಪರದೆಯ ಮೇಲೆ ಕಂಡಾಗ ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ, ಸಭಿಕರೇ. ಬೆಳಗಾದರೆ ಅಂಗಡಿಯಲ್ಲಿ ನೋಡುತ್ತಿದ್ದ ಅದೇ ಮೇಕೆಯ ಕಣ್ಣು! ಅದರೊಳಗೆ ಇಷ್ಟು ಅಚ್ಚುಕಟ್ಟು ಕೆಲಸವನ್ನು ಯಾರು ಮಾಡಿಟ್ಟರು? ಯಾರು ನೋಡಲೆಂದು ಮಾಡಿಟ್ಟರು? ಬೆಳ್ಳಾವಿಯಿಂದ ಎಮ್ಮೆಯ ಕಣ್ಣು ಬಂತು. ಕುಣಿಗಲ್ಲಿನಿಂದ ಮುಪ್ಪಿನಲ್ಲಿ ಸತ್ತ ಕುದುರೆಯ ಕಣ್ಣು ಬಂತು, ಅಂಗೈ ತುಂಬುವಷ್ಟು ದೊಡ್ಡದು. ಪ್ರತಿಯೊಂದನ್ನೂ ಅಳೆದೆವು, ಪ್ರತಿ ಸಲವೂ ಬೆರಗಾದೆವು. ಆ ಹುಮ್ಮಸ್ಸಿನಲ್ಲಿ ನಾನೊಂದು ನಿಯಮ ಬರೆದೆ. ಪೊರೆಯಲ್ಲಿ ರಕ್ತನಾಳ ಕಾಣದಿದ್ದರೆ ಪರದೆಯ ಮೇಲೆ ‘ಹಾಳಾದ ಕಣ್ಣು’ ಎಂದು ಬರಬೇಕು.

ಇಲ್ಲಿ ನನ್ನ ತಂಗಿ ಝೋಯಾಳ ವಿಷಯ ಹೇಳಬೇಕು. ಹುಟ್ಟಿದಾಗಿನಿಂದ ಅವಳು ಬಿಸಿಲಿನಲ್ಲಿ ಕಣ್ಣು ಬಿಡಲಾರಳು. ಬಣ್ಣಗಳು ತಿಳಿಯುವುದಿಲ್ಲ. ಬೋರ್ಡಿನ ಅಕ್ಷರ ಕಾಣದೆ ಶಾಲೆ ಬಿಟ್ಟಳು. ಪಕ್ಕದ ಮನೆಯ ಹನುಮಮ್ಮ ನಮ್ಮ ತಾಯಿಗೆ, ಅಮ್ಮಿಗೆ, ಹೇಳುತ್ತಿದ್ದರು, “ಪಾಪ, ಮಗೀನ ಕಣ್ಣು ಹಾಳಾಗೋಗೈತೆ ಕಣಮ್ಮ. ಆಚೆ ಬುಡಬ್ಯಾಡ.” ಪ್ರೀತಿಯಿಂದಲೇ ಹೇಳುತ್ತಿದ್ದರು. ನಾವೂ ಆಚೆ ಬಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ಅವಳು ಅಂಗಳದಲ್ಲಿ ಸಲೀಸಾಗಿ ಓಡಾಡುವುದನ್ನು ಎಲ್ಲರೂ ನೋಡಿದ್ದೆವು, ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಕೊನೆಗೆ ನಮ್ಮ ಸೋದರಮಾವ, ಮಾಮೂ ಶಾಬಾಜ್, ಅವಳನ್ನು ತಮ್ಮ ಫೋಟೊ ಸ್ಟುಡಿಯೊಗೆ ಕರೆದುಕೊಂಡರು, ಡಾರ್ಕ್ ರೂಮಿನ ಕೆಲಸಕ್ಕೆ. ಆಗೆಲ್ಲ ರೀಲು ತೊಳೆದು ಪ್ರಿಂಟು ಹಾಕುವ ಕಾಲ. ನಾವು ತಡಕಾಡುವ ಕತ್ತಲೆಯಲ್ಲಿ ಅವಳು ಹಾಡು ಗುನುಗುತ್ತಾ ಕೆಲಸ ಮಾಡುತ್ತಿದ್ದಳು. ಮೇಡಂ ಒಮ್ಮೆ ಒಳಗೆ ಹೋಗಿ ಬಕೆಟ್ ಒದ್ದು ಬಂದರು. ಕ್ಷಮಿಸಿ ಮೇಡಂ, ಹೇಳಿಬಿಟ್ಟೆ. ನಾವು ಅಳೆದ ಕಣ್ಣುಗಳ ಫೋಟೊಗಳನ್ನೆಲ್ಲ ತೊಳೆದುಕೊಟ್ಟವಳು ಝೋಯಾ, ಅವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದವಳು ನಾನು.

ಎರಡು ಸಾವಿರದ ಇಸವಿಯಲ್ಲಿ ಹೆಬ್ಬೂರು ರಸ್ತೆಯಲ್ಲಿ ಬಸ್ಸಿಗೆ ಸಿಕ್ಕಿ ಒಂದು ಗೂಬೆ ಸತ್ತಿತು. ಮೇಡಂ ಅರಣ್ಯ ಇಲಾಖೆಯ ಅನುಮತಿ ಪಡೆದು ಅದರ ಕಣ್ಣು ತರಿಸಿದರು. ಅಳೆಯುವ ದಿನ ಅವರು ಊರಿನಲ್ಲಿರಲಿಲ್ಲ. ಝೋಯಾ ನನ್ನ ಪಕ್ಕದಲ್ಲಿದ್ದಳು. ಪರದೆಯ ಮೇಲೆ ಬಂದದ್ದನ್ನು ನಾನು ಜೋರಾಗಿ ಓದಿದೆ: “ಹಾಳಾದ ಕಣ್ಣು.”

“ಆಪಾ, ಇದು ಕತ್ಲಲ್ಲಿ ಇಲಿ ಹಿಡಿಯೋ ಗೂಬೇದಲ್ವಾ?”

“ಹೂಂ ಕಣೇ.”

“ಹಂಗಾದ್ರೆ ಹಾಳೆಂಗಾಯ್ತು? ನಿನ್ ಕಂಪ್ಯೂಟರ್ರು ಮೇಕೆಗೀಕೆ ಬಿಟ್ಟು ಇನ್ನೇನೂ ನೋಡಿಲ್ಲ, ಬಿಡು.”

ನಾನು ನಕ್ಕೆ. ಅವಳು ನಗಲಿಲ್ಲ. “ನನ್ ಕಣ್ಣಿಗೂ ಎಲ್ರೂ ಹಿಂಗೇ ಅಂತಾರೆ,” ಎಂದಳು.

ಮೇಡಂ ಬಂದು ವಿವರಿಸಿದರು. ಹಕ್ಕಿಗಳ ರೆಟಿನಾದಲ್ಲಿ ರಕ್ತನಾಳಗಳೇ ಇರುವುದಿಲ್ಲವಂತೆ. ಕಣ್ಣಿನೊಳಗೆ ಬಾಚಣಿಗೆಯಂಥ ಒಂದು ಮಡಿಕೆಯಿದ್ದು, ಪೋಷಣೆ ಅಲ್ಲಿಂದ ಹರಿಯುತ್ತದಂತೆ. ಗೂಬೆಯಲ್ಲಂತೂ ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಕಿಕ್ಕಿರಿದಿವೆ. ಮೇಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ನಾನು ಆ ಅದ್ಭುತವನ್ನು ಕಸದ ಬುಟ್ಟಿಗೆ ಎಸೆಯಲಿದ್ದೆ. ಆ ನಿಯಮವನ್ನು ಅಂದೇ ಅಳಿಸಿದೆ.

ಮೇಡಂ ಅಲ್ಲಿಗೇ ಬಿಡಲಿಲ್ಲ. ಝೋಯಾಳನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದರು. ಹಗಲಿನ ಬೆಳಕು, ಬಣ್ಣ ನೋಡುವ ಜೀವಕೋಶಗಳು ಇವಳಲ್ಲಿ ಹುಟ್ಟಿನಿಂದ ಕೆಲಸ ಮಾಡುತ್ತಿಲ್ಲ, ಮಂದ ಬೆಳಕಿನವು ಚೆನ್ನಾಗಿವೆ ಎಂದರು ಅವರು. ಅಮ್ಮಿ ಫಾತಿಮುನ್ನೀಸಾ ಕೇಳಿದ್ದು ಒಂದೇ ಮಾತು: “ಹಾಳಾಗಿಲ್ವಾ ಡಾಕ್ಟ್ರೇ?” “ಇಲ್ಲಮ್ಮ, ಇವಳ ಕಣ್ಣು ಇರೋದೇ ಹೀಗೆ.” ಅಮ್ಮಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತರು. ಸಂತೋಷಕ್ಕೋ ಸಂಕಟಕ್ಕೋ, ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ನಮ್ಮ ಸಾಫ್ಟ್‌ವೇರ್ ಇನ್ನೂ ವೇಗವಾಗಿ ಓಡತೊಡಗಿತು, ರೀಲು ತೊಳೆಸುವವರಿಲ್ಲದೆ ಮಾಮೂ ಡಾರ್ಕ್ ರೂಮು ಮುಚ್ಚಿದರು. ಈಗ ಅಲ್ಲಿ ಝೆರಾಕ್ಸ್ ಮೆಷಿನ್ ಇದೆ. ಝೋಯಾ ಮತ್ತೆ ಗುಬ್ಬಿಯ ಮನೆಯೊಳಗೆ ಸೇರಿಕೊಂಡಳು. ಹಾರವನ್ನು ಮಾತ್ರ ನನಗೆ ಹಾಕುತ್ತಿದ್ದೀರಿ.

ಇವತ್ತು ಬಾ ಎಂದರೆ, “ಅಷ್ಟೊಂದು ಲೈಟಲ್ಲಿ ಎಲ್ರೆದುರಿಗೆ ತಡವರಿಸ್ಲಾ? ಬ್ಯಾಡ ಆಪಾ,” ಎಂದಳು. ಲೈಟು ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಕರೆತಂದಿದ್ದೇನೆ. ಈಗ ಹೊತ್ತು ಮುಳುಗಿದೆ, ಹೊರಗೆ ಮರದ ಕೆಳಗೆ ಅಬ್ಬಾ ಜೊತೆ ನಿಂತಿದ್ದಾಳೆ.

ಅಧ್ಯಕ್ಷರೇ, ಅಪ್ಪಣೆ ಕೊಡಿ. ಸ್ವಿಚ್ಚಿನ ಹತ್ತಿರ ನಿಂತಿರುವ ಅಂಜನಮೂರ್ತಿಯವರೇ, ಸಭಾಂಗಣದ ಟ್ಯೂಬ್‌ಲೈಟುಗಳನ್ನು ಆರಿಸಿ. ವಿಡಿಯೊದವರೇ, ನಿಮ್ಮದೂ. ಹಾಂ, ಮೂಲೆಯದೊಂದು ಇರಲಿ. ಸಭಿಕರೇ, ನೀವು ಏಳಬೇಡಿ, ಎಡವೀರಿ.

ಝೋಯಾ, ಒಳಗೆ ಬಾ ಕಣೇ. ಯಾರೂ ಕೈ ಹಿಡಿಯೋದು ಬೇಡ, ಅಬ್ಬಾ, ಅವಳೇ ಬರ್ತಾಳೆ. ಇವರು ನಂಗೆ ಹೊದಿಸಿದ ಈ ಶಾಲು ನಿಂದು.

ಕರೆದು ಗೌರವಿಸಿದ ನಿಮಗೆಲ್ಲರಿಗೂ ನಾನು ಋಣಿ. ಕೈ ಮುಗಿಯುತ್ತಿದ್ದೇನೆ. ನಿಮಗೆ ಕಾಣದಿರಬಹುದು, ಅವಳಿಗೆ ಕಾಣುತ್ತಿದೆ. ನಮಸ್ಕಾರ.